ಹಗೇವಿಗೆ ದೀಪ ಇಳಿಸಿದವರು ಯಾರು?

ಕಾಗೆ ಪಿಂಡ ಮುಟ್ಟಲಿಲ್ಲ.

ಕೃಷ್ಣೆಯ ಘಾಟಿನ ಮೇಲೆ ಪಿಂಡ ಇಟ್ಟು ಬಹಳ ಹೊತ್ತಾಗಿತ್ತು. ಗುಡಿಯ ಹಿಂದಿನ ಆಲದ ಮರದ ತುಂಬ ಕಾಗೆಗಳಿದ್ದವು. ಕೂಗುತ್ತಿದ್ದವು, ಕೆಳಗಿಳಿಯುತ್ತಿದ್ದವು, ಎರಡು ಮಾರು ದೂರದಲ್ಲೇ ಕುಳಿತು ಕತ್ತು ಓರೆ ಮಾಡಿ ನೋಡುತ್ತಿದ್ದವು, ಮತ್ತೆ ಹಾರಿ ಮರ ಸೇರುತ್ತಿದ್ದವು. ಚೈತ್ರದ ಬಿಸಿಲು ಕಲ್ಲಿನ ಮೆಟ್ಟಿಲನ್ನು ಕಾಯಿಸಿತ್ತು. ನನ್ನ ಮೊಣಕಾಲು ಎಂದಿನಂತೆ ನೋಯುತ್ತಿತ್ತು.

ಪಿಂಡದ ಮುಂದೆ ಕುಳಿತವನು ರಣಜಿತ. ಹದಿನೇಳರ ಹುಡುಗ, ಆಗತಾನೆ ಬೋಳಿಸಿದ ತಲೆ. ಆ ತಲೆಗೆ ಬಿಸಿಲು ತಾಗದಿರಲೆಂದು ಅವನ ಮಾಮಾ ಗುಣವಂತ ಕರಿ ಕೊಡೆ ಹಿಡಿದು ಬಾಗಿ ನಿಂತಿದ್ದ. ಗುಣವಂತ ಹುಡುಗನ ಮಲತಾಯಿಯ ತಮ್ಮ. ಆ ಮನೆಯಲ್ಲಿ ನಾನು ಕಂಡ ಮೊದಲ ಅಂತಃಕರಣ ಇದೇ ಅಂತ ಆಗ ಅನಿಸಿತ್ತು.

ಕಾಶೀನಾಥ ಫಾಳಕೆ, ಊರೆಲ್ಲ ಆಬಾ ಎಂದು ಕರೆಯುತ್ತಿದ್ದ ಅರಿಶಿನದ ರೈತ, ನೆಲದೊಳಗೆ ಅರಿಶಿನ ತುಂಬಿಡುವ ತನ್ನದೇ ಹಗೇವಿಗೆ ಇಳಿದು ಉಸಿರುಗಟ್ಟಿ ಸತ್ತು ಅಂದಿಗೆ ಹತ್ತನೆಯ ದಿನ. ಅಪಘಾತವೆಂದು ನಮ್ಮ ಠಾಣೆಯೇ ಬರೆದು ಮುಗಿಸಿತ್ತು. ಒಪ್ಪದೆ ಉಳಿದವಳು ಒಬ್ಬಳೇ, ಅದು ನಾನು, ಫೌಜದಾರ ಹೀರಾಬಾಯಿ ಖೋತ. ನಿವೃತ್ತಿ ಹತ್ತಿರ ಬಂದವರಿಗೆ ಇಂಥ ಹಟ ಶೋಭಿಸುವುದಿಲ್ಲ ಎಂದು ಸಾಹೇಬರು ನಯವಾಗಿಯೇ ಹೇಳಿದ್ದರು.

ಸತ್ತವರ ಮನಸ್ಸಿನಲ್ಲಿ ಉಳಿದ ಆಸೆ ಯಾರದಾದರೂ ಬಾಯಲ್ಲಿ ಬರುವವರೆಗೆ ಕಾಗೆ ಮುಟ್ಟುವುದಿಲ್ಲ ಎಂಬುದು ನಮ್ಮ ಸಾಂಗ್ಲಿಯ ಕಡೆ ಹಾಲುಗೂಸಿಗೂ ಗೊತ್ತು. ಒಬ್ಬೊಬ್ಬರೇ ಮುಂದೆ ಬಂದು ಕೈಮುಗಿದರು. ಆಬಾ, ನಿನ್ನ ಎತ್ತುಗಳನ್ನು ಮಾರುವುದಿಲ್ಲ ಎಂದರು. ಆಬಾ, ಆಷಾಢಕ್ಕೆ ನಿನ್ನ ಹೆಸರಿನಲ್ಲಿ ಪಂಢರಪುರಕ್ಕೆ ನಡೆದು ಹೋಗುತ್ತೇವೆ ಎಂದರು. ಕಾಗೆ ಜಪ್ಪಯ್ಯ ಅಂದರೂ ಜಗ್ಗಲಿಲ್ಲ.

ಕೊನೆಗೆ ಮಗಳು ಕುಮುದ ಬಂದಳು. ಇಪ್ಪತ್ತರ ಹುಡುಗಿ, ಹತ್ತು ದಿನದಲ್ಲಿ ಕುತ್ತಿಗೆಯ ಎಲುಬು ಕಾಣುವಷ್ಟು ಸೊರಗಿದ್ದಳು.

"ಆಬಾ, ನಾ ಓದು ಬಿಡಂಗಿಲ್ಲ. ನೀ ಅಂದಂಗ ಟೀಚರ್ ಆಗ್ತೀನಿ," ಎಂದಳು.

ಒಂದು ಕಾಗೆ ಇಳಿಯಿತು. ನೋಡಿತು. ಹಾರಿಹೋಯಿತು.

ಆ ಹುಡುಗಿಯ ಮುಖ ನೋಡಲಾಗದೆ ನಾನು ನದಿಯ ಕಡೆ ತಿರುಗಿದೆ. ತಂದೆ ಬದುಕಿದ್ದಾಗ ದಿನಾ ಹೇಳುತ್ತಿದ್ದ ಮಾತನ್ನು ಸತ್ತ ಮೇಲೆ ಅವನೇ ಬೇಡ ಎಂದಂತೆ ಆಯಿತಲ್ಲ ಎಂದು ಸಂಕಟವಾಯಿತು.

ಆಗ ವತ್ಸಲಾಬಾಯಿ ಎದ್ದಳು. ಆಬಾನ ಎರಡನೆಯ ಹೆಂಡತಿ. ಮಕ್ಕಳು ಅವಳನ್ನು ಮಾವಶಿ, ಅಂದರೆ ಚಿಕ್ಕಮ್ಮ, ಅನ್ನುತ್ತಾರೆ. ತಾಯಿ ತೀರಿಹೋದ ಮನೆಗೆ ನಾಲ್ಕು ವರ್ಷದ ಹಿಂದೆ ಬಂದವಳು. ದನಿ ಏರಿಸಿ ಮಾತಾಡಿದ್ದನ್ನು ಊರಲ್ಲಿ ಯಾರೂ ಕೇಳಿಲ್ಲ. ಸೆರಗು ತಲೆಯ ಮೇಲೆ ಎಳೆದುಕೊಂಡು, ಅಳುವನ್ನು ನುಂಗಿಕೊಂಡು ಅವಳು ಹೇಳಿದಳು.

"ನಿಮ್ಮ ಮನಸಿನ್ಯಾಗಿಂದು ನನಗಷ್ಟ ಗೊತ್ತೈತಿ. ಕುಮುದನ್ನ ವರ್ಷದೊಳಗ ಜಯಸಿಂಗಪುರದ ವಿಲಾಸರಾವ್ ಅವರಿಗೇ ಕೊಡ್ತೀನಿ. ನೀವು ಶಾಂತಾಗ್ರಿ."

ಗುಣವಂತ ಕೊಡೆ ಮಡಚಿ ಕಂಕುಳಲ್ಲಿ ಇಟ್ಟುಕೊಂಡು ಎರಡೂ ಕೈ ಜೋಡಿಸಿದ. ಅವನ ಕೈ ಜೋಡುವುದಕ್ಕೂ ಕಾಗೆ ಬಂದು ಪಿಂಡಕ್ಕೆ ಬಾಯಿ ಹಾಕುವುದಕ್ಕೂ ಸರಿಹೋಯಿತು. ಒಂದರ ಹಿಂದೆ ಇನ್ನೊಂದು ಬಂತು.

ಮುದುಕಿಯರು ಗೋಳೋ ಎಂದು ಅತ್ತರು. ಗಂಡಸರು ಟೋಪಿ ತೆಗೆದು ಹಣೆ ಒರೆಸಿಕೊಂಡರು. ವಿಲಾಸರಾವ್ ನಲವತ್ತು ದಾಟಿದ ವಿಧುರ, ಅರಿಶಿನದ ವ್ಯಾಪಾರಿ, ಮೊದಲ ಹೆಂಡತಿಯ ಎರಡು ಮಕ್ಕಳಿದ್ದಾರೆ. ಆದರೆ ಇಡೀ ಊರಿನ ಎದುರು ಸತ್ತವನೇ ಹೂಂ ಅಂದಮೇಲೆ ಬೇಡ ಅನ್ನುವವರು ಯಾರು? ಕುಮುದ ಅಳಲಿಲ್ಲ. ಪಿಂಡ ತಿನ್ನುತ್ತಿದ್ದ ಕಾಗೆಯನ್ನೇ ನೋಡುತ್ತ ನಿಂತಿದ್ದಳು.

ಮಂದಿ ಚದುರುವಾಗ ನಾನು ಗುಣವಂತನನ್ನು ಪಕ್ಕಕ್ಕೆ ಕರೆದು, ಆಬಾ ಸತ್ತ ಮುಂಜಾನೆ ನೀನು ಎಲ್ಲಿದ್ದೆ ಎಂದು ಕೇಳಿದೆ. ಸುಮ್ಮನೆ ಕೇಳಿದ್ದು. ಅವನು ಕೊಡೆಯ ಹಿಡಿಕೆಯನ್ನು ಆ ಕೈಯಿಂದ ಈ ಕೈಗೆ ಬದಲಿಸಿದ.

"ಅಕ್ಕನ್ನ ಕೇಳ್ರಿ," ಎಂದ.

"ನೀ ಎಲ್ಲಿದ್ದಿ ಅನ್ನೋದು ನಿನಗ ಗೊತ್ತಿಲ್ಲೇನು?"

ಅವನ ತುಟಿ ಒಣಗಿತ್ತು. ನಾಳೆ ಮುಂಜಾನೆ ಚೌಕಿಗೆ ಬಾ ಎಂದೆ. ಬರುತ್ತೇನೆಂದ. ಮೇಲಿನ ಮೆಟ್ಟಿಲ ಮೇಲೆ ನಿಂತು ವತ್ಸಲಾಬಾಯಿ ನಮ್ಮಿಬ್ಬರನ್ನೂ ನೋಡುತ್ತಿದ್ದಳು.

*

ಮರುದಿನ ಗುಣವಂತ ಚೌಕಿಗೆ ಬರಲಿಲ್ಲ. ನಾನೇ ಫಾಳಕೆಯವರ ವಾಡೆಗೆ ಹೋದೆ.

ವತ್ಸಲಾಬಾಯಿ ಸ್ನಾನಕ್ಕೆ ಹೋಗಿದ್ದಳು. ಕುಮುದ ಮಾಳಿಗೆಯ ಮೇಲೆ ಒದ್ದೆ ಬಟ್ಟೆ ಹರವುತ್ತಿದ್ದಳು. ಮೊಣಕಾಲು ಹಿಡಿದುಕೊಂಡು ಹತ್ತಿದೆ. ಈ ಕೆಲಸದಲ್ಲಿ ಕಾಲು ಸವೆಯುತ್ತದೆ, ಮನಸ್ಸು ಸವೆಯುತ್ತದೆ, ಹತ್ತಬೇಕಾದ ಮೆಟ್ಟಿಲು ಮಾತ್ರ ಕಡಿಮೆಯಾಗುವುದಿಲ್ಲ.

ಅವಳ ಜೊತೆ ಏನೇನೋ ಮಾತಾಡಿದೆ. ಅವಳು ಒಂದೊಂದೇ ಮಾತಿನ ಉತ್ತರ ಕೊಟ್ಟಳು. ಪಕ್ಕದ ಮನೆಯ ಮಾಳಿಗೆಯ ಮೇಲೆ ಹಳೆಯ ಧೋತರ ಹಾಸಿ ಹಪ್ಪಳ ಒಣಹಾಕಿದ್ದರು. ಸಾವಿನ ಮನೆಯಲ್ಲಿ ಈ ವರ್ಷ ಹಪ್ಪಳವಿಲ್ಲ. ಹಾಗಾಗಿ ಕುಮುದ ಅತ್ತ ನೋಡದೆ ಬಟ್ಟೆ ಕೊಡವುತ್ತಿದ್ದಳು. ನಾನು ನೋಡಿದೆ. ಹಪ್ಪಳದ ನಡುವೆ ಒಂದು ಕರಿ ಕೊಡೆ ಬಿಚ್ಚಿ ಇಟ್ಟಿದ್ದರು. ಗೋಡೆಯಂಚಿನಲ್ಲಿ ಮೂರು ಕಾಗೆ ಕುಳಿತಿದ್ದವು. ಎರಡು ಮಾರು ದೂರ. ಕತ್ತು ಓರೆ.

ಬಟ್ಟೆಯ ಸಾಲು ದಾಟಿ ಗೋಡೆಯ ಹತ್ತಿರ ಹೋದೆ.

"ಕುಮುದ, ಆ ಕೊಡಿ ಯಾಕ ಇಟ್ಟಾರ?"

"ಕಾಗಿ ಬರಬಾರದಂತ, ಬಾಯಿಸಾಹೇಬ್ರ. ಕರಿ ಕೊಡಿ ಇದ್ರ ಕಾಗಿ ಹತ್ರ ಸುಳಿಯಂಗಿಲ್ಲ. ಅದು ಯಾರಿಗೆ..."

ಯಾರಿಗೆ ಗೊತ್ತಿಲ್ಲ ಎನ್ನುವವಳು ಅಲ್ಲಿಗೇ ನಿಂತಳು. ಕೈಯಲ್ಲಿನ ಒದ್ದೆ ಪಂಚೆ ಮಾಳಿಗೆಯ ಮೇಲೆ ಬಿತ್ತು. ನಾವಿಬ್ಬರೂ ಹುಟ್ಟಿದಾಗಿನಿಂದ ನೋಡಿದ್ದು, ಪ್ರತಿ ಬೇಸಿಗೆಯಲ್ಲಿ ನಮ್ಮ ಕೈಯಾರೆ ಮಾಡಿದ್ದು. ಘಾಟಿನ ಮೇಲಿದ್ದ ಹೆಂಗಸರೆಲ್ಲ ಮಾಡಿದ್ದು. ಆದರೆ ಸತ್ತವನು ಬರುತ್ತಾನೆಂದು ನಂಬಿ ನಿಂತವರಿಗೆ ಹಪ್ಪಳದ ಬುದ್ಧಿ ಎಲ್ಲಿಂದ ನೆನಪಾಗಬೇಕು?

ಸಿಟ್ಟಿಗೇಳುತ್ತಾಳೆ ಎಂದುಕೊಂಡೆ. ಕುಮುದ ಬಗ್ಗಿ ಪಂಚೆ ಎತ್ತಿ ಮತ್ತೆ ಹಿಂಡಿದಳು.

"ಕೊಡಿ ಇದ್ರ ಇರ್ಲಿ ಬಿಡ್ರಿ. ನಾ ಆ ಮದುವಿ ಆಗ್ತೀನಿ."

"ಯಾಕ?"

ಅವಳು ಬಟ್ಟೆ ಪೂರ್ತಿ ಹರವಿ, ನೆರಳಿಗೆ ಬಂದು, ನೆಲ ನೋಡುತ್ತ ಹೇಳಿದಳು. ಹೇಳುವಾಗ ಅವಳ ದನಿ ಇಳಿಯುತ್ತ ಹೋಯಿತು.

ಹಗೇವು ತೆಗೆಯುವ ರೀತಿ ಹೊಳೆಸಾಲಿನ ನಮಗೆಲ್ಲ ಗೊತ್ತಿದ್ದದ್ದೇ. ನೆಲದೊಳಗೆ ಅರಿಶಿನ ತುಂಬಿ, ಬಾಯಿಗೆ ಚಪ್ಪಡಿ ಎಳೆದು ಮಣ್ಣು ಮೆತ್ತಿಬಿಟ್ಟರೆ ಒಳಗಿನ ಗಾಳಿ ಸಾಯುತ್ತದೆ. ಹಿಂದಿನ ದಿನವೇ ಚಪ್ಪಡಿ ಸರಿಸಿ ಬಿಡಬೇಕು. ಮರುದಿನ ಹೊತ್ತಿಸಿದ ಕಂದೀಲು ಹಗ್ಗಕ್ಕೆ ಕಟ್ಟಿ ಇಳಿಸಬೇಕು. ದೀಪ ಉರಿದರೆ ಮನುಷ್ಯ ಇಳಿಯಬಹುದು, ಆರಿದರೆ ಇಲ್ಲ. ಮೂವತ್ತು ವರ್ಷ ಹಗೇವು ತೆಗೆದ ಆಬಾ ದೀಪ ಇಳಿಸದೆ ಇಳಿಯುವವನಲ್ಲ. ದೀಪ ಉರಿಯಿತು ಎಂದು ನಂಬಿಕೆಯವರು ಯಾರೋ ಹೇಳಿರಬೇಕು. ನನ್ನ ಹಟವೆಲ್ಲ ಇದೊಂದು ಮಾತಿನ ಮೇಲೆ ನಿಂತಿತ್ತು.

"ಆಬಾ ಆ ಕೆಲಸ ರಣಜಿತಗ ಹೇಳಿದ್ರಂತ," ಎಂದಳು ಕುಮುದ. "ಅಂವ ಕೊಲ್ಹಾಪುರದಿಂದ ಹಿಂದಿನ ದಿವಸನ ತಿರುಗಿ ಬಂದಿದ್ನಂತ, ಕೆಲಸ ಬಿಟ್ಟು ಮಿರಜಕ್ಕ ಸಿನೆಮಾಕ್ಕ ಹೋದ್ನಂತ. ಮುಂಜಾನೆ ಸೀದಾ ಹಗೇವಿಗೆ ಬಂದು, ಬೈತಾರಂತ ಅಂಜಿ, ದೀಪ ಇಳಿಸಿ ನೋಡೀನಿ, ಉರೀತು ಅಂತ ಸುಳ್ಳ ಹೇಳಿ ಹೋದ್ನಂತ. ಮಾವಶಿ ಕಿವಿಯಾರೆ ಕೇಳ್ಯಾಳ. ನಾ ಈ ಮದುವಿಗೆ ಹೂಂ ಅಂದ್ರ ಆಕಿ ಯಾರ ಮುಂದೂ ಬಾಯಿ ಬಿಡಂಗಿಲ್ಲ."

"ತಮ್ಮನ್ನ ನೀ ಕೇಳಿದೇನು?"

"ಹೆಂಗ ಕೇಳ್ಲಿ? ಕೇಳಿದ್ರ ಹೊಳಿ ಹಾರ್ತಾನ ಅಂದಾಳ ಮಾವಶಿ. ನನಗಿನ್ನ ಅವನೊಬ್ಬನ ಉಳದಾನ್ರಿ."

ಅವಳು ಅಳತೊಡಗಿದಳು. ಹನ್ನೊಂದು ದಿನದ ಅಳು ಅದು. ನಾನು ಪೊಲೀಸಿನವಳು ಎಂಬುದನ್ನು ಬದಿಗಿಟ್ಟು ಅವಳ ತಲೆಯನ್ನು ಎದೆಗೆ ಒತ್ತಿಕೊಂಡೆ.

*

ರಣಜಿತ ಹಿತ್ತಿಲ ಕೊಟ್ಟಿಗೆಯಲ್ಲಿ ಎತ್ತುಗಳಿಗೆ ಕಣಿಕೆ ಹಾಕುತ್ತಿದ್ದ. ನಾನು ಮೇವು ಹಾಕುವ ಗೋದಲಿಯ ಅಂಚಿನ ಮೇಲೆ ಕುಳಿತೆ. ಬಹಳ ಸುತ್ತಿಬಳಸಲಿಲ್ಲ, ಶಕ್ತಿ ಇರಲಿಲ್ಲ. ಹಗೇವಿಗೆ ದೀಪ ಇಳಿಸುವ ಕೆಲಸ ಆಬಾ ಯಾರಿಗೆ ಹೇಳಿದ್ದರು ಎಂದು ನೇರ ಕೇಳಿದೆ.

ಹುಡುಗ ಬಿಳಿಚಿಕೊಂಡ.

"ಅಕ್ಕನ್ನ ಏನೂ ಮಾಡಬ್ಯಾಡ್ರಿ, ಬಾಯಿಸಾಹೇಬ್ರ. ಆಕಿಗೆ ಗೊತ್ತಿರಲಿಲ್ಲ ಹಿಂಗ ಆಗತೈತಂತ."

ಒಂದೇ ಹಿಟ್ಟಿನ ಎರಡು ರೊಟ್ಟಿ. ತಮ್ಮ ಊರಲ್ಲಿಲ್ಲವೆಂದು ಆಬಾ ಆ ಕೆಲಸ ಕುಮುದಳಿಗೆ ಹೇಳಿದ್ದನಂತೆ. ಅವಳು ಯಾರೋ ಹುಡುಗನ ಜೊತೆ ಮಾತಾಡುತ್ತ ನಿಂತು ಮರೆತಳಂತೆ. ದೀಪ ಉರಿಯಿತು ಎಂದು ತಂದೆಗೆ ಸುಳ್ಳು ಹೇಳಿದಳಂತೆ. ಮಾವಶಿ ಕಿವಿಯಾರೆ ಕೇಳಿದಳಂತೆ. ಅಕ್ಕನನ್ನು ಕೇಳಿದರೆ ಅವಳು ಹೊಳೆ ಹಾರುತ್ತಾಳಂತೆ. ಅದಕ್ಕೆ ರಣಜಿತ ಕಾಲೇಜು ಬಿಟ್ಟು, ಮಾವಶಿ ಹೇಳಿದಂತೆ ಕೇಳಿಕೊಂಡು ಇರಲು ಒಪ್ಪಿದ್ದ. ಅಕ್ಕ ಗಂಡನ ಮನೆಗೆ ಹೋಗಿಬಿಟ್ಟರೆ ಪಾರಾಗುತ್ತಾಳೆ ಎಂಬುದು ಅವನ ಲೆಕ್ಕ. ಹೊಲ, ಮನೆ ತನ್ನ ಕೈಯಲ್ಲೇ ಉಳಿಯುತ್ತವೆ ಎಂಬುದು ಮಾವಶಿಯ ಲೆಕ್ಕವಿರಬೇಕು.

ಹನ್ನೊಂದು ದಿನ ಈ ಇಬ್ಬರು ಒಂದೇ ಸೂರಿನಡಿ ಮುಖ ತಪ್ಪಿಸಿ ಓಡಾಡಿದ್ದಾರೆ. ತಂದೆಗಾಗಿ ಒಟ್ಟಿಗೆ ಕೂತು ಅಳುವುದಕ್ಕೂ ಅವರಿಗೆ ಬಿಟ್ಟಿರಲಿಲ್ಲ ಆ ಹೆಂಗಸು. ಎಷ್ಟೋ ಕೊಲೆ ನೋಡಿದ್ದೇನೆ. ಇಷ್ಟು ಹೇಸಿಗೆ ಆಗಿರಲಿಲ್ಲ.

*

ವತ್ಸಲಾಬಾಯಿ ಪಡಸಾಲೆಯಲ್ಲಿ ಮೊರ ಹಿಡಿದು ಅಕ್ಕಿ ಆರಿಸುತ್ತಿದ್ದಳು, ಹದಿಮೂರನೆಯ ದಿನದ ಊಟಕ್ಕೆ. ಕುಮುದಳನ್ನು ಒಂದು ಕಂಬದ ಹತ್ತಿರ, ರಣಜಿತನನ್ನು ಇನ್ನೊಂದು ಕಂಬದ ಹತ್ತಿರ ನಿಲ್ಲಿಸಿದೆ.

"ಚಹಾ ಇಡ್ಲೇನ್ರೀ, ಬಾಯಿಸಾಹೇಬ್ರ?" ಎಂದಳು.

"ಬ್ಯಾಡ. ವತ್ಸಲಾಬಾಯಿ, ಹಗೇವಿಗೆ ದೀಪ ಇಳಿಸ್ಬೇಕಾದಾವ ರಣಜಿತ ಅಂತ ಕುಮುದ ಹೇಳ್ತಾಳ. ಕುಮುದ ಅಂತ ರಣಜಿತ ಹೇಳ್ತಾನ. ಇಬ್ರಿಗೂ ಹೇಳಿದಾಕಿ ನೀನು."

ಅಕ್ಕ ತಮ್ಮ ಒಬ್ಬರನ್ನೊಬ್ಬರು ನೋಡಿದರು. ಎಷ್ಟೋ ದಿನದ ಮೇಲೆ ಮೊದಲ ಸಲ ನೋಡಿದಂತಿತ್ತು.

"ನೀ ಸಿನೆಮಾಕ್ಕ ಹೋಗಿರ್ಲಿಲ್ಲೇನೋ?" ಎಂದಳು ಕುಮುದ.

"ನಾ ಎರಡೂ ದಿವಸ ಕೊಲ್ಹಾಪುರದಾಗನ ಇದ್ನಿ ಅಕ್ಕಾ, ಕುಸ್ತಿ ನೋಡಾಕ. ಆಬಾನ ಕಳಿಸಿದ್ರು. ಸುದ್ದಿ ಬಂದಮ್ಯಾಲ ಬಂದೆ. ಆಬಾ ದೀಪದ ಕೆಲಸ ನಿನಗ ಹೇಳಿರ್ಲಿಲ್ಲೇನು?"

"ನನಗ್ಯಾರೂ ಏನೂ ಹೇಳಿಲ್ಲೋ."

ಮೊರದಲ್ಲಿ ಅಕ್ಕಿ ಆರಿಸುವ ಬೆರಳು ನಿಲ್ಲಲಿಲ್ಲ. ಒಂದು ಕಲ್ಲು ಸಿಕ್ಕಿತು. ಅದನ್ನು ಅಂಗಳಕ್ಕೆ ಎಸೆದಳು.

"ಮಕ್ಕಳು ದುಃಖದಾಗ ಏನೇನೋ ಕೇಳಿಸ್ಕೊಂಡಾವ್ರಿ," ಎಂದಳು ಮೆಲ್ಲಗೆ. "ನಾ ಮಲತಾಯಿ. ನಾ ಉಂಡ್ರೂ ತಪ್ಪು, ಉಪಾಸ ಬಿದ್ರೂ ತಪ್ಪು. ನಾನೂ ಗಂಡನ್ನ ಕಳಕೊಂಡಾಕೀನ ಅನ್ನೋದು ಯಾರಿಗೂ ಕಾಣಂಗಿಲ್ಲ."

ಅವಳ ಕಣ್ಣಲ್ಲಿ ನೀರು ಬಂತು. ನಿಜವಾದ ನೀರೇ. ಕುಮುದ ಒಂದು ಹೆಜ್ಜೆ ಮುಂದಿಟ್ಟಳು, ಅಭ್ಯಾಸಬಲದಿಂದ, ಸಮಾಧಾನ ಮಾಡಲು. ಆಮೇಲೆ ತಾನೇ ನಿಂತಳು. ಅದನ್ನು ವತ್ಸಲಾಬಾಯಿಯೂ ನೋಡಿದಳು.

"ಕೊಡಿ?" ಎಂದೆ ನಾನು.

"ಯಾವ ಕೊಡಿ?"

"ಘಾಟಿನ ಮ್ಯಾಲೆ ನಿನ್ನ ತಮ್ಮ ಹಿಡಿದಿದ್ದ ಕರಿ ಕೊಡಿ. ಆಚಿಮನಿ ಮಾಳಿಗಿ ಮ್ಯಾಲೆ ಅಂಥಾದ್ದ ಹಪ್ಪಳ ಕಾಯಾಕತ್ತೈತಿ. ಹೋಗಿ ನೋಡು."

"ಕೂಸಿನ ತಲಿಗೆ ಬಿಸಲ ಆಗಬಾರದಂತ ಹಿಡಿದಿದ್ದ. ಅದೂ ತಪ್ಪಾತೇನ್ರೀ?"

"ನೀ ಮದುವಿ ಮಾತ ತೆಗದ ಕೂಡ್ಲೇ ಬಿಸಲ ಆರಿತೇನು?"

ನನಗೆ ಅದರ ಉತ್ತರ ಬೇಕಾಗಿರಲಿಲ್ಲ. ಕೊಡೆ ಮಡಚಿದ್ದು ಅಪರಾಧವೆಂದು ಯಾವ ಕಾಯಿದೆಯಲ್ಲೂ ಇಲ್ಲ. ನನಗೆ ಬೇಕಾಗಿದ್ದವನು ಕೊಡೆ ಹಿಡಿದವನು. ನಿನ್ನೆ ಅವನ ಒಣಗಿದ ತುಟಿ ನೋಡಿದ್ದೆ; ಒಂದು ಲೋಟ ನೀರು ಕೊಟ್ಟು ಎದುರು ಕೂರಿಸಿದರೆ ಎಲ್ಲ ಕಕ್ಕುವವನು ಅವನು.

"ಗುಣವಂತ ಎಲ್ಲಿ?"

ವತ್ಸಲಾಬಾಯಿ ಬೆಳಕಿಂಡಿಯಿಂದ ಪಡಸಾಲೆಯ ನೆಲದ ಮೇಲೆ ಬಿದ್ದ ಬಿಸಿಲನ್ನು ನೋಡಿದಳು. ಬಿಸಿಲು ಕಂಬದ ಬುಡಕ್ಕೆ ಬಂದಿತ್ತು. ಅದು ಬರಲೆಂದೇ ಕಾದಿದ್ದಳೇನೋ ಎನ್ನುವಂತೆ ಮೊರವನ್ನು ಕೆಳಗಿಟ್ಟಳು.

"ಹಗೇವಿಗೆ ಹೋಗ್ಯಾನ. ಹೊಸ ಅರಿಶಿಣ ಬರ್ತೈತಿ, ಎರಡನೇದು ಖಾಲಿ ಮಾಡ್ಬೇಕಲ್ರಿ."

"ದೀಪ ಇಳಿಸ್ಯಾರೇನು?"

"ಹೂಂ, ಇಳಿಸ್ಯಾರ. ಉರೀತು ಅಂತ ಇವತ್ತ ಮುಂಜಾನೆ ರಣಜಿತನ ಹೇಳಿದ."

ಹುಡುಗ ಕಂಬ ಹಿಡಿದುಕೊಂಡ.

"ನಾನಾ? ಮಾವಶಿ, ನಾ ಯಾವಾಗ ಹೇಳಿದ್ನಿ?"

*

ಓಡಿದೆ. ಈ ಕಾಲಿನಿಂದ ಎಷ್ಟು ಓಡಲಾಗುತ್ತದೋ ಅಷ್ಟು. ಕಂದೀಲು, ಹಗ್ಗ, ಕಡ್ಡಿಪೆಟ್ಟಿಗೆ ತಗೊಂಡು ಬಾ ಎಂದು ರಣಜಿತನಿಗೆ ಕೂಗಿ ಹೇಳಿದೆ. ಅವನು ನನ್ನನ್ನು ದಾಟಿ ಮುಂದೆ ಓಡಿದ. ಕುಮುದ ಅವನ ಬೆನ್ನಿಗೇ ಇದ್ದಳು.

ಹಗೇವುಗಳಿದ್ದದ್ದು ಹೊಳೆದಂಡೆಯ ಎತ್ತರದ ಗಡ್ಡೆಯ ಮೇಲೆ. ಚಪ್ಪಡಿ ಸರಿದಿತ್ತು. ಬಾಯಿಯ ಪಕ್ಕದಲ್ಲಿ ಒಂದು ಜೊತೆ ಚಪ್ಪಲಿ, ಮಡಚಿಟ್ಟ ಕರಿ ಕೊಡೆ. ಬೇವಿನ ಮರಕ್ಕೆ ಕಟ್ಟಿದ ಹಗ್ಗ ಹಗೇವಿನ ಕತ್ತಲೊಳಕ್ಕೆ ಇಳಿದಿತ್ತು.

ಒಡೆದ ಮಣ್ಣಿನ ಹೆಂಟೆ ಎತ್ತಿ ನೋಡಿದೆ. ಒಳಮೈ ಇನ್ನೂ ತಂಪಾಗಿ, ಹಸಿಯಾಗಿತ್ತು. ನಿನ್ನೆ ಒಡೆದಿದ್ದರೆ ಈ ಬಿಸಿಲಿಗೆ ಸುಣ್ಣದಂತೆ ಒಣಗಿರಬೇಕಿತ್ತು. ಚಪ್ಪಡಿ ಸರಿಸಿದ್ದು ಇವತ್ತು ಮುಂಜಾನೆ, ಗುಣವಂತ ಬರುವ ಮೊದಲು.

"ಗುಣವಂತಾ!"

ಕೆಳಗಿನಿಂದ ನನ್ನ ದನಿಯೇ ತಿರುಗಿ ಬಂತು. ಆಬಾನನ್ನು ಕೊಂದ ಸುಳ್ಳು ಯಾವುದೆಂದು ಅವನಿಗೆ ಗೊತ್ತಿತ್ತು. ಅದೇ ಸುಳ್ಳನ್ನು ಅಕ್ಕ ತನಗೂ ಹೇಳುತ್ತಾಳೆಂದು ಅವನಿಗೆ ಹೊಳೆಯಲಿಲ್ಲ. ಅಕ್ಕನ ಮೇಲೆ ಅಷ್ಟು ನಂಬಿಕೆ ಇತ್ತು ಪಾಪದವನಿಗೆ.

ರಣಜಿತ ಕಂದೀಲು ಹೊತ್ತಿಸಿ ಹಗ್ಗಕ್ಕೆ ಕಟ್ಟಿ ಇಳಿಸಿದ. ದೀಪ ಒಂದು ಆಳಿನಷ್ಟು ಕೆಳಗೆ ಹೋಯಿತು. ಸಣ್ಣಗಾಯಿತು. ನೀಲಿಯಾಯಿತು. ಆರಿತು.

"ಮಾಮಾ," ಎಂದು ಹುಡುಗ ಇಳಿಯಲು ಹೋದ. ಅಂಗಿ ಹಿಡಿದು ಹಿಂದಕ್ಕೆ ಎಳೆದೆ. ಈಗ ಯಾರು ಇಳಿದರೂ ಒಂದು ಹೆಣ ಎರಡಾಗುತ್ತದೆ. ಕಂಬಳಿಗಳನ್ನು ಹಗ್ಗಕ್ಕೆ ಕಟ್ಟಿ ಮೇಲೆ ಕೆಳಗೆ ಆಡಿಸಿ ಗಾಳಿ ಕದಡಬೇಕು. ಅದಕ್ಕೆ ಮಂದಿ ಬೇಕು. ಕುಮುದಳನ್ನು ಓಣಿಗೆ ಓಡಿಸಿದೆ. ರಣಜಿತ ಆರಿದ ಕಂದೀಲನ್ನು ಮೇಲಕ್ಕೆ ಎಳೆದುಕೊಂಡು, ಅದನ್ನು ಕೈಯಲ್ಲಿ ಹಿಡಿದೇ ಹಗೇವಿನ ಬಾಯಿಯ ಹತ್ತಿರ ಕುಕ್ಕರಿಸಿದ.

ಕುಮುದ ಓಣಿ ಮುಟ್ಟಿರಲಿಕ್ಕಿಲ್ಲ, ಆಗಲೇ ಮಂದಿ ಬಂದರು. ನಾನು ಕರೆಸುವ ಮೊದಲೇ ಯಾರೋ ಕರೆದಿದ್ದರು. ಎಲ್ಲರ ಮುಂದೆ ವತ್ಸಲಾಬಾಯಿ ಇದ್ದಳು. ಸೆರಗು ಜಾರಿತ್ತು, ಕೂದಲು ಬಿಚ್ಚಿತ್ತು. ಎಂದೂ ದನಿ ಏರಿಸದ ಆ ಹೆಂಗಸು ಗಡ್ಡೆಯ ತುಂಬ ಕೇಳುವಂತೆ ಅಳುತ್ತಿದ್ದಳು.

ನನ್ನ ಕಡೆ ನೋಡಲೇ ಇಲ್ಲ. ಸೀದಾ ಬಂದು ರಣಜಿತನ ಮುಂದೆ ಕುಸಿದು ಕುಳಿತಳು. ಅವನ ಬೋಳು ತಲೆಯನ್ನು ಎರಡೂ ಕೈಯಲ್ಲಿ ಹಿಡಿದಳು, ಹೆತ್ತವಳು ಹಿಡಿಯುವ ಹಾಗೆ.

"ನನ್ನ ಕೂಸ," ಎಂದಳು, "ನಿಮ್ಮಪ್ಪಗ ನಿಮ್ಮಕ್ಕ ಮಾಡಿದ್ದನ್ನ, ನನ್ನ ತಮ್ಮಗ ನೀ ಮಾಡಿದೇನೋ?"

ಅಳು, ಗದ್ದಲ ಎಲ್ಲ ನಿಂತಿತು. ಊರಿನ ಮಂದಿಯ ಕಣ್ಣು ಅವಳ ಮುಖದಿಂದ ಹುಡುಗನ ಮುಖಕ್ಕೆ, ಹುಡುಗನ ಮುಖದಿಂದ ಅವನ ಕೈಯಲ್ಲಿದ್ದ ಆರಿದ ಕಂದೀಲಿಗೆ ಇಳಿಯಿತು.

ಆ ಕಂದೀಲು ಹಿಡಿದುಕೊಂಡು ಬಾ ಎಂದು ಅವನಿಗೆ ಹೇಳಿದವಳು ನಾನು.